ಇರುವೆ ದಾಸವಾಳ ತಿನ್ನುವುದಿಲ್ಲ

'ದಾಸವಾಳಕ್ಕೆ ಇರುವೆ ಬಂದಿದೆ, ಏನು ಹೊಡೆಯಲಿ?' ಡೊಂಬಿವಲಿಯಿಂದ ಮಾಟುಂಗದವರೆಗೆ ಬಾಲ್ಕನಿ ಗಿಡ ನೋಡಲು ಕರೆಯುವ ನಮ್ಮವರ ಮೊದಲ ಮಾತೇ ಇದು. ನಾನು ಹೋಗುವಷ್ಟರಲ್ಲಿ ಅರ್ಧ ಬಾಟಲಿ ಜಿರಲೆ ಸ್ಪ್ರೇ ಖಾಲಿಯಾಗಿರುತ್ತದೆ.

ಇರುವೆ ಎಲೆ ತಿನ್ನಲು ಬಂದಿಲ್ಲ ಮಾರಾಯ್ರೇ, ಹಾಲು ಕರೆಯಲು ಬಂದಿದೆ. ಗಿಡದ ರಸ ಹೀರುವುದು ಹಿಟ್ಟು ತಿಗಣೆ, ಚಿಗುರಿನ ಸಂದಿಯಲ್ಲಿ ಹತ್ತಿ ಉಂಡೆ ಹಾಗೆ ಕೂತಿರುತ್ತದಲ್ಲ, ಅದು. ಆ ರಸದಲ್ಲಿ ಸಕ್ಕರೆ ಜಾಸ್ತಿ, ಸಾರಜನಕ ತೀರಾ ಕಡಿಮೆ. ಹೊಟ್ಟೆಗೆ ಸಾಕಷ್ಟು ಸಾರಜನಕ ಸಿಗಬೇಕಾದರೆ ತಿಗಣೆ ಕುಡಿಯುತ್ತಲೇ ಇರಬೇಕು, ಮಿಕ್ಕ ಸಕ್ಕರೆ ನೀರು ಹಿಂದಿನಿಂದ ಹೊರಗೆ ಬರುತ್ತದೆ. ಇರುವೆಗೆ ಬೇಕಾದದ್ದು ಅದೇ. ಎಲೆ ಮೇಲೆ ಬಿದ್ದ ಅಂಟಿಗೆ ಕಪ್ಪು ಬೂಷ್ಟು ಹಿಡಿದರೆ ನೀವು ಮುಂಬಯಿ ಧೂಳು ಅಂತ ಒರೆಸುತ್ತೀರಿ. ಸಿಹಿ ಸಿಗುವ ತನಕ ಇರುವೆ ತಿಗಣೆಯನ್ನು ಕಾಯುತ್ತದೆ, ತಿಗಣೆ ತಿನ್ನಲು ಬಂದವರನ್ನು ಕಚ್ಚಿ ಓಡಿಸುತ್ತದೆ.

ತಿನ್ನಲು ಬರುವವರು ಯಾರು? ಎಲ್ಲರೂ ಎಡವುವುದು ಇಲ್ಲೇ. ಗುಲಗಂಜಿ ಹುಳದ ಬಳಗದ ಕ್ರಿಪ್ಟೋಲೀಮಸ್ ಅನ್ನುವ ದುಂಬಿ ಇದೆ. ಮೂಲ ಆಸ್ಟ್ರೇಲಿಯಾ, 1898ರಲ್ಲೇ ನಮ್ಮ ದೇಶಕ್ಕೆ ತಂದದ್ದು. ಬೆಳೆದ ದುಂಬಿ ಕಡು ಕಂದು, ತಲೆ ಕಿತ್ತಳೆ. ಮರಿ ಮಾತ್ರ ಥೇಟ್ ಹಿಟ್ಟು ತಿಗಣೆಯ ಹಾಗೆ ಬಿಳಿ! ಮುಲುಂಡಿನ ಅಜ್ಜಿಯೊಬ್ಬರು ಹಳೆ ಟೂತ್‌ಬ್ರಶ್ಶಿನಿಂದ ಹೆಕ್ಕಿ ಹೆಕ್ಕಿ ಸೋಪು ನೀರಿಗೆ ಹಾಕಿದ್ದರು. 'ದೊಡ್ಡ ದೊಡ್ಡದನ್ನೆಲ್ಲ ತೆಗೆದೆ ನೋಡು' ಅಂತ ಡಬ್ಬಿ ತೋರಿಸಿದರು. ಎಲ್ಲವೂ ದುಂಬಿ ಮರಿಗಳೇ. ಬಯ್ಯೋಣವೆಂದರೆ ಅಷ್ಟರಲ್ಲಿ ನೀರ್‌ದೋಸೆ ಬಂತು, ಸುಮ್ನೆ ತಿಂದೆ. ಈ ವೇಷಕ್ಕೆ ಎಷ್ಟೋ ಸಲ ಇರುವೆಯೇ ಮೋಸಹೋಗುತ್ತದೆ, ಅಜ್ಜಿಯದೇನು ತಪ್ಪು?

ಹಾಗಾಗಿ ಹೇಳುತ್ತೇನೆ, ಮೊದಲು ಕಡ್ಡಿಯಿಂದ ಮುಟ್ಟಿ ನೋಡಿ. ತಿಗಣೆ ಸೋಮಾರಿ, ಅಲ್ಲೇ ಕೂತಿರುತ್ತದೆ ಅಥವಾ ಮೆಲ್ಲಗೆ ತೆವಳುತ್ತದೆ. ದುಂಬಿ ಮರಿ ಸರಸರ ಓಡುತ್ತದೆ. ತಿಗಣೆ 3-4 ಮಿ.ಮೀ., ಬೆಳೆದ ಮರಿ 13 ಮಿ.ಮೀ. ತನಕ ಇರುತ್ತದೆ, ಮೈಮೇಲಿನ ಮೇಣದ ಎಳೆಗಳೂ ಉದ್ದ, ಕೆದರಿದ ಜುಟ್ಟಿನ ಹಾಗೆ. ಓಡುವುದನ್ನು ಬಿಟ್ಟುಬಿಡಿ.

ಗಿಡವೆಲ್ಲ ಬೆಳ್ಳಗಾಗಿದ್ದರೆ ಕೊಂಬೆ ಕತ್ತರಿಸಲೇಬೇಕಾದೀತು, ನೋಡದೆ ಹೇಳಲಾರೆ. ಸ್ವಲ್ಪ ಇದ್ದರೆ ಇರುವೆಯ ದಾರಿ ಕಟ್ಟಿದರೆ ಸಾಮಾನ್ಯವಾಗಿ ಸಾಕು. ಊರಲ್ಲಿ ಹಾಲಿನ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ವಾ, ಕುಂಡದ ಸ್ಟ್ಯಾಂಡಿಗೂ ಹಾಗೇ ಇಡಿ. ಒಂದು ಎಲೆ ಗ್ರಿಲ್ಲಿಗೆ ತಾಗಿದರೂ ಅದೇ ಸೇತುವೆ, ಅದನ್ನು ಕತ್ತರಿಸಿ. ಬಟ್ಟಲಿನ ನೀರು ಮೂರು ದಿನಕ್ಕೊಮ್ಮೆ ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ ಮರಿ ಹುಡುಕಿಕೊಂಡು ಮುನಿಸಿಪಾಲಿಟಿಯವರು ಬಂದಾರು.