70–68: ದಣಿದಷ್ಟೂ ಉದ್ದವಾದ ಆಟ

ಭಾನುವಾರ ಬೆಳಗಿನ ಆಟ ಮುಗಿಸಿ ನಾವು ನಾಲ್ಕೈದು ಜನ ಬೆಣ್ಣೆದೋಸೆಗೆ ಕೂತರೆ, ಮಾತು ಎಲ್ಲಿಂದ ಶುರುವಾದರೂ ವಿಂಬಲ್ಡನ್ನಿನ 18ನೇ ಕೋರ್ಟಿಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಹಿರಿಯರಾದ ಮೇಷ್ಟ್ರು 2010ರ ಆ ಟೆನಿಸ್ ಪಂದ್ಯವನ್ನು ಮೂರೂ ದಿನ ಟೀವಿ ಮುಂದೆ ಕೂತು ನೋಡಿದವರು. ಅಲ್ಲಿನ ಸಂಜೆ ಆರು ದಾಟಿದ ಮೇಲೆ ಶುರುವಾದ ಆಟ ನಮಗೆ ರಾತ್ರಿ ಹತ್ತೂಮುಕ್ಕಾಲು. ಎರಡನೇ ದಿನದ್ದಂತೂ ಇಲ್ಲಿ ಸಂಜೆ ಆರೂವರೆಯಿಂದ ನಡುರಾತ್ರಿ ಒಂದೂವರೆ ದಾಟುವವರೆಗೆ.

"ಏನ್ ಸ್ಟ್ಯಾಮಿನಾ ಅಂತೀರಿ! ಹನ್ನೊಂದು ತಾಸು!" ಎಂದರು ಮೇಷ್ಟ್ರು, ನೂರನೇ ಸಲ.

"ಮೇಷ್ಟ್ರೇ, ಇಬ್ಬರಲ್ಲಿ ಒಬ್ಬನಿಗೆ ಸ್ಟ್ಯಾಮಿನಾ ಉಳಿದಿದ್ರೂ ಆ ಮ್ಯಾಚು ಎರಡನೇ ದಿನವೇ ಮುಗೀತಿತ್ತು" ಎಂದೆ. ಅವರು ಚಟ್ನಿಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಮಾತು ಉಡಾಫೆಯಂತೆ ಕೇಳಿಸುತ್ತದೆ, ಆದರೆ ನಾನು ಹೇಳಿದ್ದು ಲೆಕ್ಕ ಹಾಕಿಯೇ.

ಅಮೆರಿಕದ ಜಾನ್ ಇಸ್ನರ್ ಮತ್ತು ಫ್ರಾನ್ಸಿನ ನಿಕೋಲಾ ಮಹು ಮೊದಲ ಸುತ್ತಿನಲ್ಲಿ ಆಡಿದ್ದು ಒಟ್ಟು 11 ಗಂಟೆ 5 ನಿಮಿಷ. ಅಷ್ಟು ಹೊತ್ತಿನಲ್ಲಿ ದಾವಣಗೆರೆಯಿಂದ ಬಸ್ಸು ಹತ್ತಿ ಬೆಂಗಳೂರು ಮುಟ್ಟಿ ವಾಪಸ್ ಬರಬಹುದು. 183 ಗೇಮು, 980 ಪಾಯಿಂಟು. ಆಗ ಐದನೇ ಸೆಟ್ಟು ಯಾರಾದರೂ ಎರಡು ಗೇಮು ಮುಂದಾಗುವವರೆಗೆ ಮುಗಿಯುತ್ತಿರಲಿಲ್ಲ. ಆ ಸೆಟ್ ಒಂದೇ 70–68, ಅದೊಂದಕ್ಕೇ 8 ಗಂಟೆ 11 ನಿಮಿಷ. ಇಡೀ ಪಂದ್ಯದಲ್ಲಿ ಸರ್ವ್ ಮುರಿದದ್ದು, ಅಂದರೆ ಎದುರಾಳಿ ಸರ್ವ್ ಮಾಡುವ ಗೇಮನ್ನು ಗೆದ್ದದ್ದು, ಬರೀ ಮೂರು ಸಲ. ಮಹು ಗೆದ್ದ ಪಾಯಿಂಟು 502, ಇಸ್ನರ್ ಗೆದ್ದದ್ದು 478, ಆದರೂ ಪಂದ್ಯ ಇಸ್ನರ್‌ದು. ಚುನಾವಣೆಯಲ್ಲಿ ಹೆಚ್ಚು ಮತ ಪಡೆದ ಪಕ್ಷ ಕಡಿಮೆ ಸೀಟು ಗೆಲ್ಲುವುದಿಲ್ಲವೇ, ಹಾಗೆ.

ಟೆನಿಸ್ಸಿನಲ್ಲಿ ಸರ್ವ್ ಮಾಡುವವನು ಒಂದೊಂದು ಪಾಯಿಂಟನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಎಂದುಕೊಳ್ಳಿ. ಆಗ ಇಡೀ ಗೇಮು ಗೆಲ್ಲುವ ಸಾಧ್ಯತೆ ಸುಮಾರು 74. ಪಾಯಿಂಟಿನ ಸಾಧ್ಯತೆ 70ಕ್ಕೆ ಏರಿದರೆ ಗೇಮಿನದು 90. 80ಕ್ಕೆ ಏರಿದರೆ ಹತ್ತಿರ ಹತ್ತಿರ 98. ಪಾಯಿಂಟಿನಲ್ಲಿರುವ ಸಣ್ಣ ಮೇಲುಗೈಯನ್ನು ಗೇಮು ಹಿಗ್ಗಿಸುತ್ತದೆ. ಈಗ ಇಬ್ಬರೂ ಸಮಬಲರು ಎಂದುಕೊಂಡು, 6–6ರಲ್ಲಿದ್ದ ಸೆಟ್ಟು 68–68ರವರೆಗೆ ಎಳೆಯುವ ಸಾಧ್ಯತೆ ಎಷ್ಟು ನೋಡೋಣ. ಪಾಯಿಂಟಿನ ಸಾಧ್ಯತೆ 60 ಇದ್ದರೆ ಸುಮಾರು 18 ಲಕ್ಷ ಕೋಟಿಗೆ ಒಂದು, ಅಂದರೆ ಮರೆತುಬಿಡಿ. 70 ಇದ್ದರೆ ಸುಮಾರು ಎರಡು ಲಕ್ಷಕ್ಕೆ ಒಂದು. 80 ಇದ್ದರೆ? ಹದಿನೈದಕ್ಕೆ ಒಂದು!

ಮೊದಲ ಸಲ ಹಾಳೆಯ ಮೇಲೆ ಈ ಲೆಕ್ಕ ಹಾಕಿದಾಗ ಎಲ್ಲೋ ಸೊನ್ನೆ ತಪ್ಪಿದ್ದೇನೆ ಎಂದುಕೊಂಡು ಮತ್ತೆ ಹಾಕಿದೆ. ತಪ್ಪಿರಲಿಲ್ಲ. ಇಬ್ಬರ ಸರ್ವೂ ಮುರಿಯಲಾಗದಷ್ಟು ಗಟ್ಟಿಯಾದರೆ 70–68 ಪವಾಡವಲ್ಲ, ಎಂದಾದರೂ ಆಗಲೇಬೇಕಾದ ಘಟನೆ.

ಸರ್ವ್ ಅಷ್ಟು ಗಟ್ಟಿಯಾದದ್ದು ಹೇಗೆ? ಒಂದು ಕಾರಣ ಎತ್ತರ. ಹಿಂದಿನ ಗೆರೆಯಿಂದ ನೆಟ್ಟಿಗೆ 11.885 ಮೀಟರ್, ಅಲ್ಲಿಂದ ಸರ್ವ್ ಗೆರೆಗೆ 6.40 ಮೀಟರ್. ನೆಟ್ಟಿನ ನಡುಭಾಗದ ಎತ್ತರ 0.914 ಮೀಟರ್. ಗುರುತ್ವವನ್ನೂ ಚೆಂಡಿನ ತಿರುಗುವಿಕೆಯನ್ನೂ ಬದಿಗಿಟ್ಟು ನೇರ ಗೆರೆ ಎಳೆದರೆ, ಸುಮಾರು 2.6 ಮೀಟರ್‌ಗಿಂತ ಮೇಲಿಂದ ಹೊಡೆದ ಚೆಂಡು ಮಾತ್ರ ನೆಟ್ಟು ದಾಟಿ ಒಳಗೆ ಬೀಳುತ್ತದೆ. ಹೊಡೆಯುವ ಜಾಗ ಅದಕ್ಕಿಂತ ಮೇಲೇರಿದಷ್ಟೂ ಒಳಗೆ ಬೀಳುವ ಕಿಂಡಿ ಅಗಲವಾಗುತ್ತದೆ. ಇಸ್ನರ್ ಎತ್ತರ 2.08 ಮೀಟರ್. ಕೈ ಚಾಚಿ ರ‍್ಯಾಕೆಟ್ ಎತ್ತಿದರೆ ಮೂರು ಮೀಟರ್ ದಾಟುತ್ತದೆ. ನಮ್ಮಂಥವರು ಕಿಟಕಿಯಿಂದ ಕಲ್ಲು ಹೊಡೆದರೆ ಅವನು ಮಹಡಿಯಿಂದ ಹೊಡೆದ ಹಾಗೆ. ಇನ್ನು ಹುಲ್ಲಿನ ಕೋರ್ಟು. ಅಲ್ಲಿ ಚೆಂಡು ಪುಟಿದೇಳುವುದಕ್ಕಿಂತ ಜಾರಿ ಮುಂದೆ ಹೋಗುವುದೇ ಹೆಚ್ಚು. ಇಸ್ನರ್ 113 ಏಸ್ ಹೊಡೆದರೆ ಮಹು 103. ಹೆಚ್ಚುಕಮ್ಮಿ ಐದರಲ್ಲೊಂದು ಪಾಯಿಂಟು ರ‍್ಯಾಕೆಟ್ಟಿಗೆ ಚೆಂಡು ತಾಗದೆಯೇ ಮುಗಿದುಹೋಯಿತು.

ನನ್ನ ಉಡಾಫೆ ಮಾತಿನ ತಿರುಳು ಇರುವುದು ದಣಿವಿನಲ್ಲಿ. ಸರ್ವ್ ಎನ್ನುವುದು ಒಂದೆರಡು ಸೆಕೆಂಡಿನ ಸ್ಫೋಟ. ಅದಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲೇ ಇರುವ ಕ್ರಿಯೇಟಿನ್ ಫಾಸ್ಫೇಟ್ ಎಂಬ ಚಿಲ್ಲರೆ ಹುಂಡಿಯಿಂದ ಬರುತ್ತದೆ. ಖರ್ಚಾದದ್ದರಲ್ಲಿ ಅರ್ಧದಷ್ಟು ಅರ್ಧ ನಿಮಿಷದ ಆಸುಪಾಸಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. 980 ಪಾಯಿಂಟನ್ನು 665 ನಿಮಿಷಕ್ಕೆ ಹಂಚಿ ನೋಡಿ, ವಿರಾಮವೂ ಸೇರಿ ಪಾಯಿಂಟಿಗೆ 41 ಸೆಕೆಂಡು. ಹುಂಡಿ ಬರಿದಾಗುವ ಪ್ರಮೇಯವೇ ಬರುವುದಿಲ್ಲ. ನಿಂತ ಜಾಗದಿಂದ, ತನಗೆ ಬೇಕಾದಾಗ, ಸಾವಿರಾರು ಸಲ ರೂಢಿಯಾದ ಒಂದೇ ಚಲನೆ.

ರಿಟರ್ನ್ ಮಾಡುವವನ ಪಾಡು ಬೇರೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಬರುವ ಚೆಂಡಿಗೆ ಅವನ ಹತ್ತಿರ ಅರ್ಧ ಸೆಕೆಂಡಿನಷ್ಟೇ ಸಮಯ. ಅದರಲ್ಲಿ 0.2 ಸೆಕೆಂಡು ಕಣ್ಣು-ಮಿದುಳಿನ ಲೆಕ್ಕಕ್ಕೇ ಹೋಯಿತು. ಉಳಿದದ್ದರಲ್ಲಿ ಕಾಲು ಏಳಬೇಕು. ಎಂಟು ತಾಸಾದ ಮೇಲೆ ಕಾಲು ಏಳುವುದಿಲ್ಲ. ಕಾಲಿನಲ್ಲಿ ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನು ಕರಗಿರುತ್ತದೆ, ಬೆವರಿನೊಡನೆ ಉಪ್ಪೂ ನೀರೂ ಹೋಗಿರುತ್ತದೆ. ಜೊತೆಗೆ ಜಾಣತನವೂ ಕೆಲಸ ಮಾಡುತ್ತದೆ: ಎದುರಾಳಿ 30–0 ಮುಂದಿದ್ದರೆ ಯಾಕೆ ಓಡಬೇಕು, ನನ್ನ ಸರ್ವಿಗೆ ಉಳಿಸಿಕೊಳ್ಳೋಣ. ಎದುರಿನವನೂ ಅದನ್ನೇ ಯೋಚಿಸುತ್ತಾನೆ. ಹೀಗೆ ದಣಿವು ಸರ್ವಿಗೆ ಕಡಿಮೆ, ರಿಟರ್ನಿಗೆ ಹೆಚ್ಚು ಪೆಟ್ಟು ಕೊಟ್ಟು ಆ 70ನ್ನು 80ರ ಕಡೆಗೆ ತಳ್ಳುತ್ತದೆ. ದಣಿದಷ್ಟೂ ಆಟ ಮುಗಿಯದು, ಮುಗಿಯದಷ್ಟೂ ದಣಿವು. ಪಂದ್ಯ ಉಳಿಸಿಕೊಳ್ಳಲೇಬೇಕಾದ ಸ್ಥಿತಿಯಲ್ಲಿ ಮಹು 65 ಸಲ ಸರ್ವ್ ಮಾಡಬೇಕಾಯಿತು. 64 ಸಲ ಉಳಿಸಿಕೊಂಡ.

ಇದಕ್ಕೆ ತದ್ವಿರುದ್ಧದ ಉದ್ದವೂ ಇದೆ. 1984ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ವಿಕಿ ನೆಲ್ಸನ್ ಮತ್ತು ಜೀನ್ ಹೆಪ್ನರ್ ಬರೀ ಎರಡು ಸೆಟ್ ಆಡಲು 6 ಗಂಟೆ 31 ನಿಮಿಷ ತೆಗೆದುಕೊಂಡರು. ಒಂದೇ ಒಂದು ಪಾಯಿಂಟಿಗೆ 29 ನಿಮಿಷ, 643 ಹೊಡೆತ. ಭಾಗಿಸಿದರೆ ಹೊಡೆತಕ್ಕೆ 2.7 ಸೆಕೆಂಡು, ಅಂದರೆ ಚೆಂಡು ಆಕಾಶದಲ್ಲೇ ಹೆಚ್ಚು ಹೊತ್ತು ಇತ್ತು. ಅಲ್ಲಿ ಯಾರಿಗೂ ಪಾಯಿಂಟು ಮುಗಿಸಲಾಗಲಿಲ್ಲ, ಇಲ್ಲಿ ಯಾರಿಗೂ ಪಾಯಿಂಟು ಶುರು ಮಾಡಲಾಗಲಿಲ್ಲ.

18ನೇ ಕೋರ್ಟಿನಲ್ಲಿ ಇಷ್ಟೆಲ್ಲ ಆಗುವಾಗ ಚೆಂಡು ಹೆಕ್ಕಿಕೊಡಲು ಮೂಲೆಯಲ್ಲಿ ನಿಂತಿದ್ದ ಮಕ್ಕಳ ಮೇಲೇ ನನ್ನ ಕಣ್ಣು. ಯಾಕೆಂದರೆ ಹನ್ನೆರಡನೇ ವಯಸ್ಸಿನಲ್ಲಿ ನಾನೂ ಇಲ್ಲೇ ಒಂದು ಟೂರ್ನಮೆಂಟಿನಲ್ಲಿ ಬಾಲ್ ಬಾಯ್ ಆಗಿದ್ದೆ. ಏಪ್ರಿಲ್ ಬಿಸಿಲು, ತಲೆಗೆ ಅಣ್ಣನ ದೊಡ್ಡ ಟೋಪಿ. ಚೆಂಡು ಎಸೆಯಬೇಡ, ಉರುಳಿಸು ಎಂದು ಕೋಚ್ ಸರ್ ಮೊದಲ ದಿನವೇ ಹೇಳಿದ್ದರು. ಉರುಳುವ ಚೆಂಡು ಗೆರೆ ಬಿಟ್ಟು ಆಚೀಚೆ ಹೋಗದು, ಆಟಗಾರನ ಕಣ್ಣಿಗೂ ಅಡ್ಡ ಬರದು. ಆಟಗಾರನಿಗೆ ಕೊಡುವಾಗ ಮಾತ್ರ ಕೈ ಮೇಲೆತ್ತಿ ಒಂದೇ ಪುಟಿತ. ಇದರ ಗುಟ್ಟು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 254 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು ಎನ್ನುತ್ತದೆ ನಿಯಮ, ಎಂದರೆ ಅರ್ಧಕ್ಕಿಂತ ತುಸು ಹೆಚ್ಚು. ಎರಡು ಮೀಟರ್ ಎತ್ತರದ ಕೈಯಿಂದ ಹೊರಟದ್ದು 1.1 ಮೀಟರಿಗೆ ಬಂದು ನಿಲ್ಲುತ್ತದೆ, ಸರಿಯಾಗಿ ಆಟಗಾರನ ಕೈಯ ಮಟ್ಟಕ್ಕೆ. ಅವನು ಬಗ್ಗಬೇಕಿಲ್ಲ.

ಅದೇ ಚೆಂಡು ಒಂಬತ್ತು ಗೇಮಾದ ಮೇಲೆ ಹಾಗೆ ಪುಟಿಯುವುದಿಲ್ಲ. ಡಬ್ಬಿ ಮುಚ್ಚಳ ತೆರೆದಿಟ್ಟ ಮಂಡಕ್ಕಿ ಮೆತ್ತಗಾಗುವ ಹಾಗೆ ಒಳಗಿನ ಒತ್ತಡ ಸೋರುತ್ತದೆ, ಮೇಲಿನ ಉಣ್ಣೆ ಕೆದರಿ ಗಾಳಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ವಿಂಬಲ್ಡನ್ನಿನಲ್ಲಿ ಮೊದಲು ಏಳು ಗೇಮಿಗೆ, ಆಮೇಲೆ ಒಂಬತ್ತೊಂಬತ್ತಕ್ಕೆ ಹೊಸ ಚೆಂಡು. ಸರ್ವ್ ಮಾಡುವವನು ಮೂರು ಚೆಂಡು ಕೇಳಿ ಒಂದನ್ನು ಹಿಂದಕ್ಕೆ ಎಸೆಯುವುದು ಬರೀ ಶೋಕಿಯಲ್ಲ. ಉಣ್ಣೆ ಕೆದರದ ಚೆಂಡು ಮೊದಲ ಸರ್ವಿಗೆ.

ಬಾಲ್ ಬಾಯ್‌ಗೆ ಕಷ್ಟ ಓಡುವುದಲ್ಲ, ಓಡದೆ ನಿಲ್ಲುವುದು. ನಡೆಯುವಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಅಲ್ಲಾಡದೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಆಗಸ್ಟ್ 15ರ ಪರೇಡಿನಲ್ಲಿ ಮಕ್ಕಳು ದೊಪ್ಪನೆ ಬೀಳುವುದು ಇದಕ್ಕೇ. ಗಮನವೂ ಹಾಗೇ ಜಾರುತ್ತದೆ. ರೇಡಾರ್ ಪರದೆ ಕಾಯುವವರು ಚುಕ್ಕೆ ತಪ್ಪಿಸುವುದೇಕೆ ಎಂದು ಹುಡುಕಿದ ನಾರ್ಮನ್ ಮ್ಯಾಕ್‌ವರ್ತ್, ಗಡಿಯಾರದ ಮುಳ್ಳು ಅಪರೂಪಕ್ಕೆ ಹೆಚ್ಚು ಜಿಗಿಯುವುದನ್ನು ಹಿಡಿಯಲು ಜನರನ್ನು ಎರಡು ತಾಸು ಕೂರಿಸಿದ. ಮೊದಲ ಅರ್ಧ ಗಂಟೆಯಲ್ಲೇ ತಪ್ಪು ಹೆಚ್ಚತೊಡಗಿತು. ಅದನ್ನು ಪ್ರಕಟಿಸಿದ್ದು 1948ರಲ್ಲಿ. ವಿಂಬಲ್ಡನ್ ಮಕ್ಕಳು ಒಂದು ತಾಸು ಕೋರ್ಟಿನಲ್ಲಿ, ಒಂದು ತಾಸು ಹೊರಗೆ. ನಮಗೆ ಅಂಥ ಪಾಳಿ ಇರಲಿಲ್ಲ. ಮೂರನೇ ಸೆಟ್ಟಿನಲ್ಲಿ ಚೆಂಡು ನನ್ನ ಕಾಲ ಪಕ್ಕದಲ್ಲೇ ಉರುಳಿ ಹೋದದ್ದು ಗ್ಯಾಲರಿಯವರು ಕೂಗಿದ ಮೇಲೇ ಗೊತ್ತಾಯಿತು. 18ನೇ ಕೋರ್ಟಿನಲ್ಲಿ ಮಕ್ಕಳು ಬದಲಾಗುತ್ತಿದ್ದರು, ಅಂಪೈರ್ ಮೊಹಮ್ಮದ್ ಲಹ್ಯಾನಿ ಬದಲಾಗಲಿಲ್ಲ. ಸ್ಕೋರ್ ಬೋರ್ಡಿನ ತಲೆಯೇ ಕೆಟ್ಟು 47–47ಕ್ಕೆ ನಿಂತರೂ ಅವರು ಲೆಕ್ಕ ತಪ್ಪಲಿಲ್ಲ. ನನ್ನ ಮಟ್ಟಿಗೆ ಆ ಪಂದ್ಯದ ನಿಜವಾದ ದಾಖಲೆ ಅದು.

ಇನ್ನು ಈ ದಾಖಲೆ ಮುರಿಯುವ ಮಾತಿಲ್ಲ. 2018ರ ಸೆಮಿಫೈನಲ್ಲಿನಲ್ಲಿ ಕೆವಿನ್ ಆಂಡರ್ಸನ್ ಎದುರು ಇದೇ ಇಸ್ನರ್ 26–24ರವರೆಗೆ ಎಳೆದ ಮೇಲೆ, 2019ರಲ್ಲಿ ವಿಂಬಲ್ಡನ್ 12–12ಕ್ಕೆ ಟೈಬ್ರೇಕ್, ಅಂದರೆ ಸೆಟ್ಟನ್ನು ಅಲ್ಲೇ ತೀರ್ಮಾನಿಸುವ ಒಂದು ಕೊನೆಯ ಗೇಮು, ತಂದಿತು. 2022ರಿಂದ ನಾಲ್ಕೂ ಗ್ರ್ಯಾಂಡ್‌ಸ್ಲ್ಯಾಮ್‌ಗಳಲ್ಲಿ ಕೊನೆಯ ಸೆಟ್ 6–6 ಆದರೆ 10 ಪಾಯಿಂಟಿನ ಟೈಬ್ರೇಕ್.

ಇಷ್ಟೂ ಕೇಳಿಸಿಕೊಂಡ ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಕೇಳಿದರು: "ದಣಿದ್ರೂ ಸರ್ವ್ ಹೋಗಲ್ಲ ಅಂತೀಯಲ್ಲೋ, ಮತ್ತೆ ಮಾರನೇ ದಿನ ಆ ಇಸ್ನರ್ ಒಂದೂಕಾಲು ತಾಸಲ್ಲಿ ಮೂರೂ ಸೆಟ್ ಕಳಕೊಂಡ್ನಲ್ಲ, 6–0, 6–3, 6–2?"

"ಅವತ್ತು ಎದುರಿಗಿದ್ದ ಡಿ ಬಾಕರ್ ಇವನಷ್ಟು ದಣಿದಿರಲಿಲ್ಲ, ಮೇಷ್ಟ್ರೇ."

ಅವರು ಒಪ್ಪಿದಂತೆ ಕಾಣಲಿಲ್ಲ. ಇನ್ನೊಂದು ಬೆಣ್ಣೆ ಖಾಲಿ ದೋಸೆ ಹೇಳಿದರು.