ಒಂದು ಹೆಸರುಕಾಳಿನಷ್ಟು ಸಾಕು

ಹೋದ ತಿಂಗಳು ನಂಜನಗೂಡಿನಿಂದ ಒಬ್ಬ ಹುಡುಗ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಿದ್ದ. ಎಂಜಿನಿಯರಿಂಗ್ ಎರಡನೇ ವರ್ಷ. ಕ್ಯಾಬಿನೆಟ್ಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೈಸೂರಿನವರೆಗೆ ತಂದಿದ್ದ. "ಸಾರ್, ನಾನೇ ಜೋಡಿಸಿದ್ದು. ಗೇಮ್ ಹಾಕಿದ್ರೆ ತುಂಬಾ ಬಿಸಿ ಆಗ್ತಿತ್ತು. ಅದಕ್ಕೆ ಇನ್ನೊಂದಿಷ್ಟು ಪೇಸ್ಟ್ ಹಾಕಿದೆ. ಈಗ ಎರಡು ರ‍್ಯಾಮಲ್ಲಿ ಒಂದೇ ತೋರಿಸ್ತಿದೆ" ಅಂದ.

ಪ್ರೊಸೆಸರಿನ, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪಿನ, ಮೇಲೆ ಕೂತು ಅದರ ಬಿಸಿ ಹೊರಹಾಕುವ ಕೂಲರ್ ಬಿಚ್ಚಿದೆ. ಪ್ರೊಸೆಸರ್ ಕಾಣಲೇ ಇಲ್ಲ. ಇವೆರಡರ ನಡುವೆ ಹಚ್ಚುವ ಬೂದುಬಣ್ಣದ ಥರ್ಮಲ್ ಪೇಸ್ಟ್ ಪ್ರೊಸೆಸರಿನ ಲೋಹದ ಮುಚ್ಚಳದಿಂದ ಕೆಳಗಿಳಿದು, ಸುತ್ತಲಿನ ಕಚ್ಚುಗಳಲ್ಲಿ ತುಂಬಿಕೊಂಡು, ಪ್ರೊಸೆಸರ್ ಕೂರುವ ಸಾಕೆಟ್ಟಿನ ಅಂಚಿಗೆ ಹರಿದಿತ್ತು. 4 ಗ್ರಾಮಿನ ಸಿರಿಂಜ್ ಪೂರ್ತಿ ಖಾಲಿ ಮಾಡಿದ್ದೇನೆ ಅಂತ ಅವನೇ ಹೇಳಿದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಟ್ಯೂಷನ್ ಹೇಳಿಕೊಟ್ಟು ದುಡ್ಡು ಕೂಡಿಸಿ, ಒಂದೊಂದೇ ಭಾಗ ಕೊಂಡು, ತನ್ನ ಕೈಯಾರೆ ಜೋಡಿಸುವ ಹುಡುಗರನ್ನು ಕಂಡರೆ ನನಗೆ ಪ್ರೀತಿಯೇ. ಆದರೆ ಈ ಪೇಸ್ಟಿನ ವಿಷಯಕ್ಕೆ ಮಾತ್ರ, ಇಪ್ಪತ್ತು ವರ್ಷದಿಂದ ಹೇಳಿದ್ದನ್ನೇ ಹೇಳಿ ಸಾಕಾಗಿದೆ.

ಗೊಂದಲ ಶುರುವಾಗುವುದು "ಬಟಾಣಿ ಕಾಳಿನಷ್ಟು ಹಾಕಿ" ಎಂಬ ಸಲಹೆಯಿಂದ. ಯಾವ ಬಟಾಣಿ? ನಮ್ಮ ಮನೆಗಳಲ್ಲಿ ಬಟಾಣಿ ಅಂದರೆ ಪಲಾವಿಗೆ ಹಾಕುವ ದಪ್ಪ ಹಸಿ ಬಟಾಣಿ. ಅದರ ಅಡ್ಡಳತೆ 8 ಮಿಲಿಮೀಟರ್ ಅಂದುಕೊಳ್ಳಿ, ಗಾತ್ರ ಸುಮಾರು 270 ಘನ ಮಿಲಿಮೀಟರ್ ಆಗುತ್ತದೆ. ಈಗ ಪ್ರೊಸೆಸರಿನ ಲೆಕ್ಕ ನೋಡಿ. ಮುಚ್ಚಳ ಉದ್ದಗಲ 30 ಮಿಲಿಮೀಟರ್ ಇದ್ದರೆ, ಅದರ ಮೇಲೆ ಇರಬೇಕಾದ ಪದರ 0.05 ಮಿಲಿಮೀಟರ್ ಅಂತ ಹಿಡಿದರೆ, ಬೇಕಾದ ಪೇಸ್ಟ್ 45 ಘನ ಮಿಲಿಮೀಟರ್. ಅಂದರೆ ನಾಲ್ಕೂವರೆ ಮಿಲಿಮೀಟರಿನ ಒಂದು ಗುಂಡು. ಹೆಚ್ಚುಕಮ್ಮಿ ಒಂದು ಹೆಸರುಕಾಳು. ಹಸಿ ಬಟಾಣಿಯಷ್ಟು ಹಾಕಿದವರು ಬೇಕಾದ್ದರ ಆರು ಪಟ್ಟು ಹಾಕಿರುತ್ತಾರೆ. ಪೇಸ್ಟಿನಿಂದ ಪೇಸ್ಟಿಗೆ, ಮುಚ್ಚಳದಿಂದ ಮುಚ್ಚಳಕ್ಕೆ ಇದು ಸ್ವಲ್ಪ ಬದಲಾಗುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನ ಪ್ರೊಸೆಸರ್ ಚೌಕವಲ್ಲ, 37.5 x 45 ಮಿಲಿಮೀಟರಿನ ಆಯತ. ಅದಕ್ಕೆ ನಾನು ಅಷ್ಟೇ ಪೇಸ್ಟನ್ನು, ಕೊಂಚ ಹೆಚ್ಚೇ ಅನ್ನಿ, ಉದ್ದಕ್ಕೆ ಗೆರೆಯಾಗಿ ಎಳೆಯುತ್ತೇನೆ. ಚುಕ್ಕಿಯೋ ಗೆರೆಯೋ ಶಿಲುಬೆಯೋ ಅಂತ ಜಗಳ ಬೇಡ. ಕೂಲರ್ ಸಮನಾಗಿ ಕೂತರೆ ಒತ್ತಡವೇ ಅದನ್ನು ಹರಡುತ್ತದೆ.

ಅಸಲು ವಿಷಯ ಇದು: ಪೇಸ್ಟ್ ತಂಪು ಮಾಡುವುದಿಲ್ಲ. ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ಅಲ್ಲ ಅದು, ಹೆಚ್ಚು ಬಳಿದರೆ ಹೆಚ್ಚು ತಂಪು ಅನ್ನುವುದಕ್ಕೆ. ಶಾಖವನ್ನು ಸಾಗಿಸಬೇಕಾದ್ದು ಲೋಹ. ಮುಚ್ಚಳವೂ ಕೂಲರಿನ ತಳವೂ ಕಣ್ಣಿಗೆ ಕನ್ನಡಿಯಂತೆ ಕಂಡರೂ ಅವುಗಳ ಮೈಮೇಲೆ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಆ ತಗ್ಗುಗಳಲ್ಲಿ ಗಾಳಿ ಕೂತಿರುತ್ತದೆ. ಗಾಳಿಯನ್ನು ಹೊರಗೆ ಹಾಕಿ ಆ ಜಾಗ ತುಂಬುವುದಷ್ಟೇ ಪೇಸ್ಟಿನ ಕೆಲಸ. ಶಾಖ ಸಾಗಿಸುವ ಶಕ್ತಿಯನ್ನು ಅಳೆಯುವ ಲೆಕ್ಕದಲ್ಲಿ ತಾಮ್ರಕ್ಕೆ ಸುಮಾರು 400, ಸಾಧಾರಣ ಪೇಸ್ಟಿಗೆ 4, ಗಾಳಿಗೆ 0.026. ಗಾಳಿಗಿಂತ ಪೇಸ್ಟ್ ನೂರೈವತ್ತು ಪಟ್ಟು ಮೇಲು, ನಿಜ. ಆದರೆ ತಾಮ್ರಕ್ಕಿಂತ ನೂರು ಪಟ್ಟು ಕಡೆ. 65 ವ್ಯಾಟ್ ಶಾಖ 0.05 ಮಿಲಿಮೀಟರ್ ಪದರವನ್ನು ದಾಟುವಾಗ ಆಚೆಗೂ ಈಚೆಗೂ ಬೀಳುವ ವ್ಯತ್ಯಾಸ 1 ಡಿಗ್ರಿ. ಅದೇ ಪದರ ಅರ್ಧ ಮಿಲಿಮೀಟರ್ ದಪ್ಪವಾಗಿ ಉಳಿದರೆ 9 ಡಿಗ್ರಿ. ಶಾಖ ಮುಚ್ಚಳದ ತುಂಬ ಸಮನಾಗಿ ಹರಡಿದೆ ಎಂದು ಹಿಡಿದು ಮಾಡಿದ ಲೆಕ್ಕವಿದು. ವಾಸ್ತವದಲ್ಲಿ ಚಿಪ್ ಇರುವ ಜಾಗದ ಮೇಲೆ ಶಾಖ ಒತ್ತಾಗಿರುವುದರಿಂದ ಅಲ್ಲಿ ಇನ್ನೂ ಹೆಚ್ಚು.

ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರುವುದನ್ನು ನೋಡಿ ಬೆಳೆದವನು ನಾನು. ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದು, ಎಲೆಯ ಬಣ್ಣ ಅಡಿಯಿಂದ ಕಾಣುವ ಹಾಗೆ ಎಳೆಯುತ್ತಿದ್ದರು. ಪೇಸ್ಟಿಗೂ ಆ ಕೈಯೇ ಬೇಕು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೂಲರಿನ ಸ್ಕ್ರೂಗಳು ಸರಿಯಾಗಿ ಕೂತಿದ್ದರೆ ಹೆಚ್ಚಾದ ಪೇಸ್ಟ್ ಪಕ್ಕಕ್ಕೆ ಹಿಂಡಿಕೊಂಡು ಹೋಗುತ್ತದೆ, ಉಷ್ಣತೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಹಾಗಿದ್ದರೆ ನನಗೇಕೆ ಇಷ್ಟು ತಲೆಬಿಸಿ? ಹಿಂಡಿಕೊಂಡದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ. 2022ರಲ್ಲಿ ಬಂದ ಎಎಂಡಿ ಕಂಪನಿಯ ಎಎಂ5 ಸಾಕೆಟ್ಟಿನ ಪ್ರೊಸೆಸರುಗಳ ಮುಚ್ಚಳಕ್ಕೆ ಸುತ್ತಲೂ ಕಚ್ಚುಗಳಿವೆ, ಆ ಕಚ್ಚುಗಳಲ್ಲಿ ಸಣ್ಣ ಕೆಪಾಸಿಟರುಗಳು ಬಯಲಲ್ಲೇ ಕೂತಿವೆ. ನಾವು ಸಾಮಾನ್ಯವಾಗಿ ಬಳಸುವ ಪೇಸ್ಟಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಅವುಗಳ ಮೇಲೆ ಬಿದ್ದ ಮಾತ್ರಕ್ಕೆ ಸುಟ್ಟುಹೋಗುವುದಿಲ್ಲ. ಆದರೆ ಕೆಳಗೆ ಸಾಕೆಟ್ಟಿನಲ್ಲಿ ಕೂದಲಿನಂಥ 1718 ಪಿನ್ನುಗಳಿವೆ. ವಿದ್ಯುತ್ ಹರಿಯದ ಪೇಸ್ಟ್ ಅನ್ನುವುದೇ ಅಲ್ಲಿ ಕೇಡು. ಪಿನ್ನಿನ ತುದಿಗೆ ಅದು ಮೆತ್ತಿಕೊಂಡರೆ ಪ್ರೊಸೆಸರಿಗೂ ಬೋರ್ಡಿಗೂ ಸಂಪರ್ಕ ತಪ್ಪುತ್ತದೆ. ರ‍್ಯಾಮಿನ ದಾರಿಗಳೂ ಅವೇ ಪಿನ್ನುಗಳ ಮೂಲಕ ಹೋಗುತ್ತವೆ. ಹುಡುಗನ ಒಂದು ರ‍್ಯಾಮ್ ಕಾಣೆಯಾದದ್ದು ಹಾಗೆ. ಈ ಎಎಂ5 ಕಚ್ಚುಗಳನ್ನು ಮುಚ್ಚಲೆಂದೇ ಕೂಲರ್ ತಯಾರಿಸುವ ನಾಕ್ಟುವಾ ಕಂಪನಿಯವರು ಒಂದು ತೆಳು ಚೌಕಟ್ಟು ಮಾಡಿದ್ದಾರೆ. ಇದ್ದರೆ ಹಾಕಿ, ಇಲ್ಲದಿದ್ದರೂ ಹೆಸರುಕಾಳಿನ ಅಳತೆ ಮೀರದಿದ್ದರೆ ತೊಂದರೆಯಿಲ್ಲ.

ಪೇಸ್ಟಿನ ಬದಲು ಕೆಲವರು ಹಚ್ಚುವ ದ್ರವಲೋಹದ ಮಾತೇ ಬೇರೆ. ಅದು ಗ್ಯಾಲಿಯಂ ಬೆರೆತದ್ದು, ವಿದ್ಯುತ್ ಹರಿಸುತ್ತದೆ, ಅಲ್ಯುಮಿನಿಯಂ ತಳವನ್ನು ತಿಂದುಹಾಕುತ್ತದೆ. ಮೊದಲ ಸಲ ಜೋಡಿಸುವವರು ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಬಿಸಿಯಾದಾಗಲೆಲ್ಲ ಪೇಸ್ಟ್ ಹಾಕುವ ಅಭ್ಯಾಸ ಹೋಗಬೇಕು. ಹುಡುಗನ ಕೂಲರಿನ ತಳ ಒರೆಸಿದಾಗ ಬೆರಳಿಗೆ ಏನೋ ನುಣ್ಣಗೆ ಜಾರಿತು. ಉಗುರಿನಲ್ಲಿ ಎತ್ತಿದೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎದ್ದು ಬಂತು. ಹೊಸ ಕೂಲರಿಗೆ ಅಂಟಿಸಿ ಕಳಿಸುವ ಹಾಳೆ, ಕಿತ್ತು ಬಿಸಾಡಬೇಕಾದ್ದು. ಅದರ ಮೇಲೆ ಎಷ್ಟು ಗ್ರಾಂ ಪೇಸ್ಟ್ ಸುರಿದರೇನು? ಹೀಗೆಯೇ, ಒಬ್ಬ ಲೆಕ್ಕಪರಿಶೋಧಕರು ಒಂದು ಮಾರ್ಚ್ ಕೊನೆಯಲ್ಲಿ ಟ್ಯಾಲಿ ಓಡಿಸುವ ಹಳೇ ಯಂತ್ರ ತಂದಿದ್ದರು. ಎರಡು ಸಲ ಪೇಸ್ಟ್ ಹಾಕಿಸಿದರೂ ಬಿಸಿ ತಗ್ಗಿರಲಿಲ್ಲ. ಒತ್ತಿ ಕೂರಿಸುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಮದರ್‌ಬೋರ್ಡಿನ ತೂತಿಗೆ ಪೂರ್ತಿ ಇಳಿದಿರಲಿಲ್ಲ, ಕೂಲರ್ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. "ರಾಯರೇ, ಇದರದ್ದು ಪೇಸ್ಟ್ ಕಾಯಿಲೆಯಲ್ಲ" ಅಂತ ಹೇಳಿ ಬೋರ್ಡನ್ನು ತಿರುಗಿಸಿ ತೋರಿಸಿದೆ. ಪಿನ್ ಟಕ್ ಅಂದಿತು, ಯಂತ್ರ ತಣ್ಣಗಾಯಿತು. ಇನ್ನು ಎಎಂಡಿಯ ಕೆಲವು ರೈಜನ್ 7000 ಪ್ರೊಸೆಸರುಗಳು ಪೂರ್ತಿ ಹೊರೆ ಬಿದ್ದಾಗ 95 ಡಿಗ್ರಿ ಮುಟ್ಟುವಂತೆಯೇ ರೂಪುಗೊಂಡಿವೆ. ಆ ಅಂಕಿ ನೋಡಿ ಗಾಬರಿಯಾಗಿ ಬಿಚ್ಚಬೇಡಿ.

ಪೇಸ್ಟ್ ಚೆಲ್ಲಿಯೇ ಹೋಯಿತು ಅಂದಾಗ ಮಾಡುವ ತಪ್ಪು ಇನ್ನೂ ದೊಡ್ಡದು. ಹಲ್ಲುಜ್ಜುವ ಬ್ರಷ್ಷು, ಬೆಂಕಿಕಡ್ಡಿ, ಇಯರ್‌ಬಡ್ ಹಿಡಿದು ಸಾಕೆಟ್ಟನ್ನು ಕೆದಕುತ್ತಾರೆ. ಇಯರ್‌ಬಡ್ಡಿನ ಹತ್ತಿಯ ಒಂದೆಳೆ ಪಿನ್ನಿಗೆ ಸಿಕ್ಕಿಕೊಂಡರೂ ಪಿನ್ ಬಾಗುತ್ತದೆ. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಬೀಗ ಹಾಕಿಕೊಂಡೇ ಇರಲಿ. ಮೊದಲು ಮುಚ್ಚಳದ ಮೇಲಿನದನ್ನು ನೂಲು ಬಿಡದ ಬಟ್ಟೆಯಲ್ಲಿ ಅಂಚಿನಿಂದ ನಡುವಿಗೆ ತೆಗೆಯಿರಿ. ನಡುವಿನಿಂದ ಅಂಚಿಗೆ ಒರೆಸಿದರೆ ನೀವೇ ಅದನ್ನು ಕೆಳಗೆ ತಳ್ಳಿದ ಹಾಗೆ. ಆಮೇಲೆ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್, ಬಟ್ಟೆ ಒದ್ದೆಯಾಗುವಷ್ಟು ಮಾತ್ರ. ಕಚ್ಚಿನಲ್ಲಿ ಉಳಿದ ಚೂರುಪಾರು ಒಣ ಪೇಸ್ಟನ್ನು ಹಾಗೇ ಬಿಟ್ಟರೂ ಸಾಮಾನ್ಯವಾಗಿ ಅಪಾಯವಿಲ್ಲ, ಪೂರ್ತಿ ಹೊಳೆಯಲೇಬೇಕೆಂದು ಹಟ ಬೇಡ. ಸಾಕೆಟ್ಟಿನ ಒಳಗೆ ಇಳಿದಿದೆ ಅನ್ನಿಸಿದರೆ ಅಲ್ಲಿಗೆ ಕೈ ನಿಲ್ಲಿಸಿ, ಭೂತಗನ್ನಡಿಯೂ ತಾಳ್ಮೆಯೂ ಇರುವವರ ಹತ್ತಿರ ಕೊಂಡೊಯ್ಯಿರಿ.

ಹುಡುಗನ ಬೋರ್ಡಿಗೆ ನನಗೆ ಎರಡು ಗಂಟೆ ಹಿಡಿಯಿತು. ಆಲ್ಕೊಹಾಲ್ ಸುರಿದು, ಬೋರ್ಡನ್ನು ಓರೆಯಾಗಿ ನಿಲ್ಲಿಸಿ ಇಳಿಸಿ, ಗಾಳಿ ಊದಿ, ಮತ್ತೆ ಸುರಿದು, ಮೂರು ಸಲ. ಪುಣ್ಯಕ್ಕೆ ಪಿನ್ನುಗಳೆಲ್ಲ ನೆಟ್ಟಗಿದ್ದವು. ಪೂರ್ತಿ ಒಣಗಿದ ಮೇಲೆ ಹೊಸ ಸಿರಿಂಜನ್ನು ಅವನ ಕೈಗೇ ಕೊಟ್ಟೆ. ನಡುವಿಗೆ ಒಂದು ಚುಕ್ಕಿ ಇಟ್ಟು ನನ್ನ ಮುಖ ನೋಡಿದ, ಇಷ್ಟೇನಾ ಅನ್ನುವ ಹಾಗೆ. ಹ್ಞೂಂ ಅಂದೆ. ಎದುರುಬದುರು ಸ್ಕ್ರೂಗಳನ್ನು ಒಂದೊಂದು ಸುತ್ತು ತಿರುಗಿಸುತ್ತಾ ಬಿಗಿ ಮಾಡಿದ. ಎರಡೂ ರ‍್ಯಾಮ್ ಬಂದವು.