ಹೊಸ ಪ್ರಿಂಟರ್, ಹಳೇ ಸಾಮಾನು: ಪಿನ್ ಕೂಡಿದರೆ ಸಾಲದು

ಪ್ರಿಂಟರ್ ಡಬ್ಬಿ ಬಿಚ್ಚಿದ ತಕ್ಷಣ ಎಲ್ಲರ ಕೈ ಹೋಗುವುದು ಕೇಬಲ್ ಕಡೆಗೆ. ಯುಎಸ್‌ಬಿ ಪ್ರಿಂಟರ್‌ನಲ್ಲಿ ಕೇಬಲ್ ಚುಚ್ಚುವುದು ಕೊನೆಯ ಕೆಲಸ. ಮೊದಲೇ ಚುಚ್ಚಿದರೆ ವಿಂಡೋಸ್ ತನ್ನ ಹತ್ತಿರ ಇರುವ ಯಾವುದೋ ಸಾಮಾನ್ಯ ಡ್ರೈವರನ್ನು (ಕಂಪ್ಯೂಟರ್ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್) ತಾನೇ ಹಾಕಿಕೊಂಡುಬಿಡುತ್ತದೆ. ಪ್ರಿಂಟ್ ಬರುತ್ತದೆ. ಆದರೆ ಎಷ್ಟೋ ಸಲ ಸ್ಕ್ಯಾನ್ ಬರುವುದಿಲ್ಲ, ಇಂಕ್ ಎಷ್ಟಿದೆ ಎಂದು ತೋರಿಸುವುದಿಲ್ಲ, ಹೆಡ್ (ಇಂಕ್ ಸಿಂಪಡಿಸುವ ಭಾಗ) ಕ್ಲೀನಿಂಗ್ ಮಾಡುವ ಜಾಗವೇ ಕಾಣುವುದಿಲ್ಲ. ಆಮೇಲೆ ಕಂಪನಿಯ ಸಾಫ್ಟ್‌ವೇರ್ ಹಾಕಿದರೆ ಪಟ್ಟಿಯಲ್ಲಿ ಅದೇ ಪ್ರಿಂಟರ್ ‘ಕಾಪಿ 1’ ಅಂತ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಮನೆಯವರು ಒಬ್ಬೊಬ್ಬರು ಒಂದೊಂದಕ್ಕೆ ಪ್ರಿಂಟ್ ಕೊಟ್ಟು ಕಾಯುತ್ತಾರೆ. ಈಗಾಗಲೇ ಹೀಗಾಗಿದ್ದರೆ ಕೇಬಲ್ ಕಿತ್ತು, ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ನಲ್ಲಿ ಎರಡನ್ನೂ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕಂಪನಿಯ ಸಾಫ್ಟ್‌ವೇರ್ ಹಾಕುವಾಗ ಅದು ‘ಈಗ ಕೇಬಲ್ ಜೋಡಿಸಿ’ ಎಂದು ಕೇಳುತ್ತದೆ. ಕೇಬಲ್ ಚುಚ್ಚಬೇಕಾದ್ದು ಆಗ.

ಅದಕ್ಕೂ ಮೊದಲು ಒಳಗಿನ ಬಣ್ಣದ ಟೇಪುಗಳನ್ನೆಲ್ಲ ಕೀಳಬೇಕು. ಒಂದೇ ಒಂದು ಉಳಿದರೂ ಹೆಡ್ ಓಡಾಡುವಾಗ ತಗುಲಿ ಕೆಂಪು ದೀಪ ಮಿನುಗುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್‌ಗೆ ಮೊದಲ ಸಲ ಇಂಕ್ ತುಂಬಿದ ಮೇಲೆ ಅದು ಕೊಳವೆಗಳಿಗೆ ಇಂಕ್ ಎಳೆದುಕೊಳ್ಳಲು ಸುಮಾರು ಹತ್ತು ನಿಮಿಷವೋ ಇನ್ನೂ ಸ್ವಲ್ಪವೋ ತೆಗೆದುಕೊಳ್ಳುತ್ತದೆ. ಟ್ಯಾಂಕಿನ ಮಟ್ಟ ಕಣ್ಣೆದುರೇ ಇಳಿಯುವುದು ಇದರಿಂದಲೇ, ಸೋರಿಕೆ ಎಂದು ಗಾಬರಿಯಾಗಬೇಡಿ. ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು. ಮಳೆಗಾಳಿ ಬಂದರೆ ಕರೆಂಟ್ ಹೋಗುವ ಬಡಾವಣೆಯಾದರೆ ಅಷ್ಟು ಹೊತ್ತು ಯುಪಿಎಸ್‌ಗೆ ಹಾಕಿ; ಇಂಕ್ ಟ್ಯಾಂಕ್ ಪ್ರಿಂಟರ್ ಎಳೆಯುವುದು ಹತ್ತಿಪ್ಪತ್ತು ವಾಟ್ ಮಾತ್ರ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಹಾಕಲೇಬೇಡಿ. ಅದರ ಹೀಟರ್ ಕಾಯುವಾಗ ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ. ಮನೆಯ 600 ವಿಎ ಯುಪಿಎಸ್ ಕೊಡುವುದೇ 360 ವಾಟ್ ಆಸುಪಾಸು. ಯುಪಿಎಸ್ ಕಿರುಚುತ್ತದೆ, ಕಂಪ್ಯೂಟರೂ ಆಫ್ ಆಗುತ್ತದೆ.

ಕೇಬಲ್ ಉದ್ದ 5 ಮೀಟರ್ ದಾಟಬಾರದು. ಯುಎಸ್‌ಬಿ 2.0ಕ್ಕೆ ಅದೇ ಮಿತಿ. ಎರಡು ಕೇಬಲ್‌ಗೆ ಗಂಟು ಹಾಕಿ ಪಕ್ಕದ ರೂಮಿಗೆ ಎಳೆದರೆ ಅರ್ಧ ಹಾಳೆಗೇ ಪ್ರಿಂಟ್ ನಿಲ್ಲುವುದುಂಟು. ಅಷ್ಟು ದೂರಕ್ಕೆ ವೈಫೈ ವಾಸಿ.

ವೈಫೈನಲ್ಲಿ ಮುಗ್ಗರಿಸುವುದು ಹೆಚ್ಚಾಗಿ ಒಂದೇ ಕಡೆ. ಮನೆಬಳಕೆಯ ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ತರಂಗದ ವೈಫೈ ಮಾತ್ರ ಗೊತ್ತು. ಈಗಿನ ರೌಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ, ಫೋನ್ 5ರಲ್ಲಿ ಕೂತಿರುತ್ತದೆ, ಪ್ರಿಂಟರ್ ಅದಕ್ಕೆ ಸಿಗುವುದಿಲ್ಲ. ರೌಟರ್ ಸೆಟ್ಟಿಂಗ್‌ನಲ್ಲಿ 5ನ್ನು ಹತ್ತು ನಿಮಿಷ ಆಫ್ ಮಾಡಿ ಪ್ರಿಂಟರ್ ಸೇರಿಸಿಕೊಂಡು, ಮತ್ತೆ ಆನ್ ಮಾಡಿದರಾಯಿತು. ಗೆಸ್ಟ್ ವೈಫೈಗೆ ಸೇರಿಸಬೇಡಿ; ಅದರಲ್ಲಿ ಒಂದು ಸಾಧನ ಇನ್ನೊಂದನ್ನು ಸಾಮಾನ್ಯವಾಗಿ ನೋಡಲಾರದು. ಮೈಸೂರಿನ ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೇ ಮನೆಗಳ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿರುತ್ತದೆ. ಅಂಥ ಮನೆಯಲ್ಲಿ ಪ್ರಿಂಟರ್ ಇರಬೇಕಾದ್ದು ರೌಟರ್ ಪಕ್ಕ. ವೈಫೈ ಪ್ರಿಂಟರ್ ಕಂಪ್ಯೂಟರ್ ಮೇಜಿನ ಮೇಲೇ ಇರಬೇಕೆಂಬ ನಿಯಮವೇನಿಲ್ಲ.

ಎರಡು ವಾರ ಸರಿಯಾಗಿದ್ದು ಒಂದು ದಿನ ‘ಆಫ್‌ಲೈನ್’ ಎನ್ನುವುದು ಇನ್ನೊಂದು ಕಾಟ. ಕರೆಂಟ್ ಹೋಗಿ ಬಂದಾಗ ರೌಟರ್ ಪ್ರಿಂಟರ್‌ಗೆ ಬೇರೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನದ ಮನೆ ನಂಬರ್ ಇದ್ದಂತೆ) ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೇ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಪ್ರಿಂಟರ್‌ನ ಗುಂಡಿಗಳಿಂದಲೇ ನೆಟ್‌ವರ್ಕ್ ವಿವರದ ಹಾಳೆ ತೆಗೆಯಬಹುದು, ಅದರಲ್ಲಿ ಐಪಿ ಇರುತ್ತದೆ. ರೌಟರ್‌ನಲ್ಲಿ ಆ ವಿಳಾಸವನ್ನು ಪ್ರಿಂಟರ್‌ಗೇ ಕಾಯ್ದಿರಿಸಿ. ನಂತರ ಪ್ರಿಂಟರ್ ಪ್ರಾಪರ್ಟೀಸ್‌ನ ‘ಪೋರ್ಟ್ಸ್’ನಲ್ಲಿ ‘ಡಬ್ಲ್ಯೂಎಸ್‌ಡಿ’ ಎಂದಿದ್ದರೆ ಅದನ್ನು ಬಿಟ್ಟು ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಹೊಸದಾಗಿ ಸೇರಿಸಿ ಅದೇ ವಿಳಾಸ ಕೊಡಿ. ಪ್ರಿಂಟರ್ ಆಫ್ ಮಾಡಿ ಆನ್ ಮಾಡುವ ದಿನನಿತ್ಯದ ಪೂಜೆ ಅಲ್ಲಿಗೆ ತಪ್ಪುತ್ತದೆ.

ಇನ್ನು ಹಳೇ ಸಾಮಾನು. ಅಂಗಡಿಯಲ್ಲಿ ಸಿಗುವ ಕನ್ವರ್ಟರ್‌ಗಳಲ್ಲಿ ಎರಡು ಜಾತಿ. ಒಂದು ಬರೀ ಪಿನ್ನಿನ ಆಕಾರ ಬದಲಿಸುತ್ತದೆ. ಇನ್ನೊಂದರೊಳಗೆ ಚಿಪ್ ಇದ್ದು ಸಿಗ್ನಲ್ಲನ್ನೇ ಬದಲಿಸುತ್ತದೆ. ಇವೆರಡರ ಮೇಲೆ ಡ್ರೈವರ್ ಎಂಬುದೊಂದಿದೆ. ಅದು ಇಲ್ಲದ ಕಡೆ ಯಾವ ಕನ್ವರ್ಟರ್ ತಂದರೂ ದುಡ್ಡು ದಂಡ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ, ಕೆಟ್ಟಿರುವುದು ಈ ಮೂರರಲ್ಲಿ ಯಾವುದು ಎಂದು ತಿಳಿದುಕೊಂಡಿರಬೇಕು.

ಮಾನಿಟರನ್ನೇ ನೋಡಿ. ಹೊಸ ಕಂಪ್ಯೂಟರ್‌ನಲ್ಲಿ ಎಚ್‌ಡಿಎಂಐ, ಹಳೇ ಮಾನಿಟರ್‌ನಲ್ಲಿ ನೀಲಿ ವಿಜಿಎ. ಒಂದು ಡಿಜಿಟಲ್, ಇನ್ನೊಂದು ಅನಲಾಗ್. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ವಿಜಿಎ ಇರುವ ಚಿಪ್ ಇಲ್ಲದ ಕೇಬಲ್ ಕೂಡ ಮಾರಾಟಕ್ಕಿರುತ್ತದೆ. ಹಾಕಿದರೆ ಪರದೆ ಕಪ್ಪು. ಚಿಪ್ ಇರುವುದನ್ನೇ ಕೇಳಿ, ಅದರಲ್ಲೂ ‘ಎಚ್‌ಡಿಎಂಐ ಇಂದ ವಿಜಿಎಗೆ’ ಎಂದು ದಿಕ್ಕು ಹೇಳಿ ಕೇಳಿ. ವಿಜಿಎ ಇಂದ ಎಚ್‌ಡಿಎಂಐಗೆ ಹೋಗುವುದು ಬೇರೆಯೇ ಸಾಮಾನು. ದುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ವಿಷಯವೂ ಇದೇ. ಬೆರಳುದ್ದದ ಯುಎಸ್‌ಬಿ ಅಡಾಪ್ಟರ್ ಪಿಎಸ್/2, ಯುಎಸ್‌ಬಿ ಎರಡೂ ಭಾಷೆ ಬಲ್ಲ ಕೀಬೋರ್ಡ್‌ಗಳಿಗೆ ಮಾತ್ರ ನಡೆಯುತ್ತದೆ.

ಸ್ಕ್ಯಾನರ್‌ನಲ್ಲಿ ತೊಂದರೆ ಪಿನ್ನಿನದೇ ಅಲ್ಲ. ಕ್ಯಾನನ್ ಲೈಡ್ ಸಾಲಿನ ಹಳೇ ಸ್ಕ್ಯಾನರ್‌ಗಳೂ ಯುಎಸ್‌ಬಿಯವೇ, ಜೋಡಿಸಿದರೆ ಕೂಡುತ್ತವೆ. ಆದರೆ ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ, ಬಹಳ ಹಳೇ ಮಾದರಿಗಳಿಗೆ ಕಂಪನಿ ಕೊಟ್ಟ ಡ್ರೈವರ್ 32 ಬಿಟ್‌ನದು. ಇವೆರಡೂ ಸೇರುವುದಿಲ್ಲ. ಸ್ವಂತ ಡ್ರೈವರ್ ಇಟ್ಟುಕೊಂಡಿರುವ ವ್ಯೂಸ್ಕ್ಯಾನ್‌ನಂಥ ಸಾಫ್ಟ್‌ವೇರ್ ಒಂದು ದಾರಿ. ದುಡ್ಡು ಕೊಡುವ ಮೊದಲು ಪುಕ್ಕಟೆ ಆವೃತ್ತಿಯಲ್ಲಿ ಸ್ಕ್ಯಾನರ್ ಕೆಲಸ ಮಾಡುತ್ತದೆಯೇ ನೋಡಿಕೊಳ್ಳಬಹುದು. ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಬೂಟ್ ಮಾಡಿ ನೋಡುವುದು ಇನ್ನೊಂದು ದಾರಿ, ಇದಕ್ಕೆ ಖರ್ಚಿಲ್ಲ. ಕೈಬಿಡುವ ಮುಂಚೆ ಸ್ಕ್ಯಾನರನ್ನು ಮಗುಚಿ ನೋಡಿ: ತಳದಲ್ಲಿ ಬೀಗದ ಗುರುತಿನ ಚಿಕ್ಕ ಸ್ವಿಚ್ ಇದ್ದು, ಅದು ಲಾಕ್ ಕಡೆಗಿದ್ದರೆ ಒಳಗಿನ ಸ್ಕ್ಯಾನ್ ಮಾಡುವ ಪಟ್ಟಿ ಕದಲದು. ಲೈಡ್‌ಗೆ ಕರೆಂಟ್ ಬರುವುದೂ ಯುಎಸ್‌ಬಿಯಿಂದಲೇ. ಅದನ್ನು ಸ್ವಂತ ಅಡಾಪ್ಟರ್ ಇಲ್ಲದ ಹಬ್‌ಗೆ ಹಾಕಿದರೆ ಪಟ್ಟಿ ಸ್ವಲ್ಪ ಹೋಗಿ ನಡುಗಿ ನಿಲ್ಲಬಹುದು. ಕಂಪ್ಯೂಟರ್ ಹಿಂದಿನ ಪೋರ್ಟ್‌ಗೇ ನೇರ ಹಾಕಿ. ಇಷ್ಟೆಲ್ಲ ಹೇಳಿದರೂ, ಹೊಸ ಪ್ರಿಂಟರ್ ಮೇಲೆ ಸ್ಕ್ಯಾನ್ ಮಾಡುವ ಗಾಜು ಇದ್ದರೆ ಆಧಾರ್, ಪಹಣಿ, ಅಂಕಪಟ್ಟಿಗೆ ಅದೇ ಸಾಕು. ಹಳೇದನ್ನು ಉಳಿಸಿಕೊಳ್ಳಲು ಹೆಣಗಬೇಕಾದ್ದು ಅದು ದಪ್ಪನೆಯ ಸಿಸಿಡಿ (ಒಳಗೆ ಕನ್ನಡಿ, ಮಸೂರ ಇರುವ) ಸ್ಕ್ಯಾನರ್ ಆಗಿದ್ದಾಗ ಮಾತ್ರ. ಹೊಲಿದ ಪುಸ್ತಕದ ನಡುಮಡಿಕೆ ಅದರಲ್ಲಿ ಬಂದಷ್ಟು ಚೆನ್ನಾಗಿ ಬೇರೆಯದರಲ್ಲಿ ಬರುವುದಿಲ್ಲ.

ಎಚ್‌ಪಿ 1020, ಕ್ಯಾನನ್ 2900 ಎಂಬ ಹಳೇ ಲೇಸರ್ ಪ್ರಿಂಟರ್‌ಗಳು ಈಗಲೂ ಎಷ್ಟೋ ಮನೆ, ವಕೀಲರ ಕಚೇರಿಗಳಲ್ಲಿ ಗಟ್ಟಿಮುಟ್ಟಾಗಿವೆ. ಇವಕ್ಕೆ 64 ಬಿಟ್ ಡ್ರೈವರ್ ಇದೆ, ನೇರ ಕೇಬಲ್‌ನಲ್ಲಿ ತಕರಾರಿಲ್ಲ. ವೈಫೈ ಮಾಡಿಕೊಳ್ಳೋಣ ಎಂದು ರೌಟರ್‌ನ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿದರೆ ಮಾತ್ರ ಸಾಮಾನ್ಯವಾಗಿ ಕೈಕೊಡುತ್ತವೆ. ಏಕೆಂದರೆ ಇವುಗಳಲ್ಲಿ ಪುಟವನ್ನು ಚಿತ್ರವಾಗಿ ತಯಾರಿಸುವ ಕೆಲಸ ಕಂಪ್ಯೂಟರ್‌ನದು. 1020 ಅಂತೂ ಪ್ರತಿ ಸಲ ಆನ್ ಮಾಡಿದಾಗ ತನ್ನ ಫರ್ಮ್‌ವೇರನ್ನೂ (ತನ್ನೊಳಗೆ ನಡೆಯುವ ಮೂಲ ಸಾಫ್ಟ್‌ವೇರ್) ಕಂಪ್ಯೂಟರ್‌ನಿಂದಲೇ ತರಿಸಿಕೊಳ್ಳುತ್ತದೆ. ಹಾಗಾಗಿ ಒಂದು ಕಂಪ್ಯೂಟರ್‌ಗೆ ಹಾಕಿ ಅಲ್ಲಿಂದ ಶೇರ್ ಮಾಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಎಂಬ ಆಯ್ಕೆ ಬಂದಿದೆ. ಅದನ್ನು ಆನ್ ಮಾಡಿದರೆ ಕಂಪನಿ ಡ್ರೈವರ್‌ಗಳ ಮೇಲೆ ನಡೆಯುವ ಇಂಥ ಪ್ರಿಂಟರ್‌ಗಳೆಲ್ಲ ಪಟ್ಟಿಯಿಂದ ಮಾಯವಾಗುತ್ತವೆ, ಮುಟ್ಟಬೇಡಿ.

ಮಂಡ್ಯದ ಬೆಲ್ಲದ ಮಂಡಿ, ಅಕ್ಕಿ ಗಿರಣಿಯವರ ಮನೆಯಲ್ಲಿ ಪಿನ್ನುಗಳಿಂದ ಹೊಡೆದು ಅಕ್ಷರ ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಇದ್ದರೆ ಅದಕ್ಕೆ ಕಾರಣವಿದೆ: ಮೂರು ಪ್ರತಿಯ ಕಾರ್ಬನ್ ಬಿಲ್ಲನ್ನು ಒತ್ತಿ ಮೂಡಿಸಲು ಇಂಕ್, ಲೇಸರ್ ಎರಡಕ್ಕೂ ಆಗದು. 36 ಪಿನ್ನಿನ ಪ್ಯಾರಲಲ್ ಕೇಬಲ್‌ನ ಜಾಗಕ್ಕೆ ಯುಎಸ್‌ಬಿ–ಪ್ಯಾರಲಲ್ ಕೇಬಲ್ ಸಿಗುತ್ತದೆ. ಹಾಕಿದ ಮೇಲೆ ‘ಪೋರ್ಟ್ಸ್’ನಲ್ಲಿ ಎಲ್‌ಪಿಟಿ1 (ಹಳೇ ಪ್ಯಾರಲಲ್ ಪೋರ್ಟ್‌ನ ಹೆಸರು) ಬದಲು ಯುಎಸ್‌ಬಿ001 ಆರಿಸಬೇಕು, ಇದನ್ನು ಮರೆತರೆ ಬಿಲ್ ಕ್ಯೂನಲ್ಲೇ ಕೂತಿರುತ್ತದೆ. ನೇರ ಎಲ್‌ಪಿಟಿ1ಕ್ಕೇ ಬರೆಯುವ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ ಪ್ರಿಂಟರನ್ನು ಶೇರ್ ಮಾಡಿ, ‘ನೆಟ್ ಯೂಸ್’ ಆಜ್ಞೆಯಿಂದ ಎಲ್‌ಪಿಟಿ1ನ್ನು ಆ ಶೇರ್ ಹೆಸರಿಗೆ ಕಟ್ಟಿ, ಕೊನೆಗೆ ‘ಪರ್ಸಿಸ್ಟೆಂಟ್: ಯೆಸ್’ ಕೊಡಿ. ವಿಂಡೋಸ್‌ಗೂ ಹಿಂದಿನ ಡಾಸ್‌ನ 16 ಬಿಟ್ ಸಾಫ್ಟ್‌ವೇರ್ ಆದರೆ 64 ಬಿಟ್ ವಿಂಡೋಸ್‌ನಲ್ಲಿ ಅದು ತೆರೆಯುವುದೇ ಇಲ್ಲ, ಡಾಸ್ ಇದ್ದಂತೆ ನಟಿಸುವ ವಿಡಾಸ್‌ನಂಥ ಎಮ್ಯುಲೇಟರ್ ಬೇಕಾಗುತ್ತದೆ. ಬಿಲ್ ಮೇಲೆ ಕನ್ನಡ ಬೇಕೆಂದರೆ ‘ಜೆನೆರಿಕ್/ಟೆಕ್ಸ್ಟ್ ಓನ್ಲಿ’ ಡ್ರೈವರ್ ನಡೆಯದು. ಪ್ರಿಂಟರ್‌ನೊಳಗಿನ ಅಕ್ಷರಗಳಲ್ಲಿ ಕನ್ನಡ ಇಲ್ಲ. ಆ ಮಾದರಿಯದೇ ಡ್ರೈವರ್ ಹಾಕಿ ಚಿತ್ರವಾಗಿ ಕಳಿಸಬೇಕು. ನಿಧಾನ; 9 ಪಿನ್ನಿನದಾದರೆ ಅಕ್ಷರವನ್ನೂ ಕೊಂಚ ದೊಡ್ಡದು ಮಾಡಿ, ಇಲ್ಲವಾದರೆ ಒತ್ತಕ್ಷರ ಕಲಸಿಕೊಳ್ಳುತ್ತದೆ.

ಅಂಥ ಮನೆಗಳಲ್ಲಿ ಅಗಲ ಪಟ್ಟಿಯಂಥ ಕೇಬಲ್‌ನ ಹಳೇ ಐಡಿಇ ಹಾರ್ಡ್‌ಡಿಸ್ಕ್ ಕೂಡ ಇರುತ್ತದೆ, ಹತ್ತು ವರ್ಷದ ಲೆಕ್ಕ ಅದರಲ್ಲೇ. 3.5 ಇಂಚಿನದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5. ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಯುಎಸ್‌ಬಿ–ಐಡಿಇ ಕಿಟ್ ತನ್ನಿ. ಜಂಪರನ್ನು (ಡಿಸ್ಕ್ ಹಿಂಭಾಗದ ಪಿನ್ನುಗಳ ಮೇಲೆ ಕೂರುವ ಚಿಕ್ಕ ತುಣುಕು) ‘ಮಾಸ್ಟರ್’ಗೆ ಇಟ್ಟು, ಪವರ್ ಕೊಟ್ಟು, ಡಿಸ್ಕ್ ತಿರುಗುವ ಸದ್ದು ಸಮವಾದ ಮೇಲೆ ಯುಎಸ್‌ಬಿ ಚುಚ್ಚಿ. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಟಕ್ ಟಕ್ ಎಂದು ಒಂದೇ ಸಮ ಬಡಿದುಕೊಳ್ಳುತ್ತಿದ್ದರೆ ಕೂಡಲೇ ಪವರ್ ತೆಗೆದು ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ. ಇನ್ನೊಂದು ಸಲ ಆನ್ ಮಾಡಿ ನೋಡೋಣ ಎನ್ನುವುದರಲ್ಲೇ ಎಷ್ಟೋ ಡಿಸ್ಕ್‌ಗಳ ಮೇಲ್ಮೈ ಕೆರೆದುಹೋಗುತ್ತದೆ.